ವಿಳಾಸವಿಲ್ಲದ ಸಾಲು

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಅಕ್ಕ ಹೇಳುತ್ತಾಳೆ. ಇರಲಿ ಬಿಡಿ. ಕೋಪಕ್ಕೆ ನಾನು ಎಂದೂ ನಾಚಿದವಳಲ್ಲ. ನಾಚುವುದು ಬೇರೆ ಒಂದಕ್ಕೆ. ಒಂದು ಸಾಲು ಕೋಡ್ ತಪ್ಪು ಬರೆದೆ. ಅದರಿಂದ ನನ್ನ ಭಾವನವರಿಗೆ ಕಣ್ಣು ಹೋಗಿದೆ ಎಂದು ಇಡೀ ಕಾರ್ಖಾನೆ ನಂಬಿತು, ಕೊನೆಗೆ ಅವರೂ ನಂಬಿದರು. ತಪ್ಪು ನನ್ನದು ಎಂದು ಗೊತ್ತಾದ ಮೇಲೂ ಒಂಬತ್ತು ದಿನ ಬಾಯಿಗೆ ಬೀಗ ಹಾಕಿಕೊಂಡು ಓಡಾಡಿದೆ.

ಭಾವನವರು ನೂಲಿಗೆ ಬಣ್ಣ ಹಾಕುವ ಕಾರ್ಖಾನೆಯಲ್ಲಿ ಇಪ್ಪತ್ತಾರು ವರ್ಷದಿಂದ ಇದ್ದವರು. ಅಲ್ಲಿ ಎಲ್ಲರಿಗೂ ಅವರು ಮೇಷ್ಟ್ರು. ಬಣ್ಣದ ತೊಟ್ಟಿಯಿಂದ ಬಂದ ನೂಲಿನ ಲಡಿಯೊಂದನ್ನು ಒಣಗಿಸಿ, ಗಿರಾಕಿ ಕೊಟ್ಟ ಮಾದರಿಯ ಪಕ್ಕದಲ್ಲಿಟ್ಟು, ಲೈಟ್ ಬಾಕ್ಸಿನ ಬಿಳಿ ಬೆಳಕಿನಲ್ಲಿ ನೋಡಿ, ಎರಡೂ ಒಂದೇ ಎಂದು ಸಹಿ ಹಾಕುವುದು ಅವರ ಕೆಲಸ. ಅವರ ಸಹಿ ಇಲ್ಲದೆ ಒಂದು ಎಳೆಯೂ ಗೇಟು ದಾಟುವಂತಿಲ್ಲ. ಬಾಗಿಲಲ್ಲಿ ನಿಂತುಕೊಂಡೇ, ಒಳಗೆ ನೇತುಹಾಕಿದ ಎರಡು ಬಿಳಿ ಲಡಿಗಳಲ್ಲಿ ಯಾವುದಕ್ಕೆ ನೀಲಿ ಒಂದು ಚಿಟಿಕೆ ಹೆಚ್ಚಾಗಿದೆ ಎಂದು ಹೇಳಿಬಿಡುತ್ತಿದ್ದರು. ನನಗೆ ಎರಡೂ ಬರೀ ಬಿಳಿ. 'ನಿನಗೇನಮ್ಮ ಗೊತ್ತು, ನಿನ್ನ ಪರದೆಯಲ್ಲಿ ಇರೋದೇ ಕಪ್ಪು ಬಿಳುಪು' ಎಂದು ಕಾಲೆಳೆಯುತ್ತಿದ್ದರು.

ಅಮ್ಮ ತೀರಿಕೊಂಡಾಗ ನನಗೆ ಒಂಬತ್ತು ವರ್ಷ. ಅಕ್ಕನೂ ಭಾವನೂ ನನ್ನನ್ನು ಸಾಕಿದರು, ಓದಿಸಿದರು. ಕಂಪ್ಯೂಟರ್ ಕೆಲಸ ಕಲಿತು ಸ್ವಂತವಾಗಿ ಸಣ್ಣಪುಟ್ಟ ಪ್ರೋಗ್ರಾಂ ಬರೆದುಕೊಡಲು ಶುರುಮಾಡಿದಾಗ, ಕಾರ್ಖಾನೆಯ ಯಜಮಾನರ ಹತ್ತಿರ ನನ್ನನ್ನು ಕರೆದುಕೊಂಡು ಹೋದವರೂ ಭಾವನೇ. ಇವಳು ನಮ್ಮ ಮನೆಯ ಹುಡುಗಿ, ಬರೆದರೆ ಮುತ್ತು ಪೋಣಿಸಿದ ಹಾಗೆ ಬರೆಯುತ್ತಾಳೆ ಎಂದು ಪರಿಚಯ ಮಾಡಿಕೊಟ್ಟರು. ಅವರಿಗೆ ಕೋಡ್ ಎಂದರೆ ಏನು ಎಂದೇ ಗೊತ್ತಿರಲಿಲ್ಲ. ಹೆಮ್ಮೆ ಮಾತ್ರ ಗೊತ್ತಿತ್ತು.

ಅಲ್ಲಿಗೆ ನಾನು ಬರೆದುಕೊಟ್ಟ ಪ್ರೋಗ್ರಾಂ ಸರಳವಾದದ್ದು. ಬಣ್ಣದ ನಂಬರು ಒತ್ತಬೇಕು, ನೂಲಿನ ತೂಕ ಒತ್ತಬೇಕು. ಕೆಂಪು ಪುಡಿ ಇಷ್ಟು, ಹಳದಿ ಇಷ್ಟು, ನೀಲಿ ಇಷ್ಟು ಎಂದು ಒಂದು ಚೀಟಿ ಬರುತ್ತದೆ. ತೂಕದ ಕೋಣೆಯ ಹೆಂಗಸು, ಎಲ್ಲರೂ ತಕ್ಕಡಿಯಮ್ಮ ಎನ್ನುತ್ತಾರೆ, ಅದರಂತೆ ಪುಡಿ ತೂಗಿ ತೊಟ್ಟಿಗೆ ಕಳಿಸುತ್ತಾಳೆ. ಒದ್ದೆಯಾದ ಚೀಟಿ ಕಸಕ್ಕೆ ಹೋಗುತ್ತದೆ. ಮೊದಲು ಈ ಅಳತೆಗಳೆಲ್ಲ ಭಾವನ ದಪ್ಪ ಪುಸ್ತಕದಲ್ಲಿ ಇದ್ದವು. ಅವನ್ನು ನಾನು ಒಂದು ಫೈಲಿನಲ್ಲಿ ಬರೆದು, ಪ್ರೋಗ್ರಾಮಿನ ಫೋಲ್ಡರಿನೊಳಗೆ 'ಅಳತೆ' ಎಂಬ ಫೋಲ್ಡರ್ ಮಾಡಿ ಇಟ್ಟಿದ್ದೆ. ಅಳತೆ ಬದಲಾದರೆ ಆ ಫೈಲಿನಲ್ಲಿ ತಿದ್ದಿದರೆ ಆಯಿತು.

ತಪ್ಪು ಮಾಡಿದ್ದು ಇಲ್ಲಿ. ಆ ಫೈಲನ್ನು ತೆರೆ ಎಂದು ಬರೆದ ಸಾಲಿನಲ್ಲಿ ನಾನು ಪೂರ್ತಿ ವಿಳಾಸ ಕೊಡಲಿಲ್ಲ. 'ಪಕ್ಕದ ಅಳತೆ ಫೋಲ್ಡರಿನಲ್ಲಿ ಇರುವ ಫೈಲು' ಎಂದಷ್ಟೇ ಬರೆದೆ. ಪಕ್ಕದ ಮನೆಯಿಂದ ಕೊಡಪಾನ ಇಸಕೊಂಡು ಬಾ ಎಂದು ಹೇಳಿದ ಹಾಗೆ. ಯಾರ ಪಕ್ಕದ ಮನೆ? ಹೇಳಿಸಿಕೊಂಡವನು ಆ ಹೊತ್ತಿಗೆ ಎಲ್ಲಿ ನಿಂತಿದ್ದಾನೋ ಅದರ ಪಕ್ಕದ ಮನೆ. ಪ್ರೋಗ್ರಾಮನ್ನು ಯಾವ ಫೋಲ್ಡರಿನಿಂದ ಶುರು ಮಾಡುತ್ತೇವೋ ಅಲ್ಲಿ ಅದು ನಿಂತಿರುತ್ತದೆ. ನಾನು ಯಾವಾಗಲೂ ಅದರದೇ ಫೋಲ್ಡರಿಗೆ ಹೋಗಿ, ಅಲ್ಲಿಂದಲೇ ತೆರೆಯುತ್ತಿದ್ದೆ. ಆದ್ದರಿಂದ ನನ್ನ ಕೈಯಲ್ಲಿ ಯಾವತ್ತೂ ಸರಿಯಾಗಿಯೇ ನಡೆಯಿತು. ಈ ಕೆಲಸ ಕಲಿಯುವ ಮಕ್ಕಳಿಗೆ ಮೊದಲ ವಾರವೇ ಹೇಳಿಕೊಡುವ ಎಚ್ಚರಿಕೆ ಇದು. ನನಗೂ ಹೇಳಿಕೊಟ್ಟಿದ್ದರು.

ಎಂಟು ತಿಂಗಳು ಏನೂ ಆಗಲಿಲ್ಲ. ಆಮೇಲೆ ಸೂಪರ್‌ವೈಸರು, ಮಾತು ಮಾತಿಗೂ ಕೈಗಡಿಯಾರ ನೋಡುವ ಮನುಷ್ಯ, ಬೆಳಿಗ್ಗೆ ಕಂಪ್ಯೂಟರ್ ಹಾಕಿದ ಕೂಡಲೇ ಪ್ರೋಗ್ರಾಂ ತಾನಾಗಿಯೇ ತೆರೆದುಕೊಂಡರೆ ಎರಡು ನಿಮಿಷ ಉಳಿಯುತ್ತದೆ ಎಂದು ಕೇಳಿದ. ಅದೇನು ಮಹಾ ಎಂದು ಹಾಗೇ ಮಾಡಿಕೊಟ್ಟೆ. ತಾನಾಗಿ ತೆರೆದುಕೊಂಡಾಗ ಪ್ರೋಗ್ರಾಂ ನಿಲ್ಲುವುದು ಬೇರೆ ಫೋಲ್ಡರಿನಲ್ಲಿ. ಅಲ್ಲಿ ಪಕ್ಕದಲ್ಲಿ 'ಅಳತೆ' ಎಂಬುದು ಇಲ್ಲದಿದ್ದರೆ ಫೈಲು ಸಿಗಲಿಲ್ಲ ಎಂದು ಕೂಗಿಕೊಳ್ಳುತ್ತಿತ್ತು, ನಾನು ಅವತ್ತೇ ಬಚಾವಾಗುತ್ತಿದ್ದೆ. ಆದರೆ ಅಲ್ಲೂ ಒಂದು 'ಅಳತೆ' ಇತ್ತು. ಮೊದಮೊದಲು ಪರೀಕ್ಷೆ ಮಾಡುವಾಗ ನಾನೇ ಇಟ್ಟು ಮರೆತುಬಿಟ್ಟಿದ್ದ ಹಳೆಯ ಪ್ರತಿ. ಪ್ರೋಗ್ರಾಂ ತೆಪ್ಪಗೆ ಅದನ್ನೇ ಓದತೊಡಗಿತು.

ತೊಂಬತ್ತು ಬಣ್ಣಗಳಲ್ಲಿ ಎಂಬತ್ತರ ಅಳತೆ ಹಳೆಯದರಲ್ಲೂ ಹೊಸದರಲ್ಲೂ ಒಂದೇ. ಹತ್ತನ್ನು ಮಾತ್ರ ಭಾವ ನಡುವೆ ತಿದ್ದಿಸಿದ್ದರು. ಹೊಸ ಕೆಂಪು ಪುಡಿ ಖಾರವಾಗಿದೆ, ಕಡಿಮೆ ಸಾಕು ಎಂದು. ಆ ಹತ್ತರಲ್ಲಿ ಒಂದು, ಸಮವಸ್ತ್ರದ ಕಡುನೀಲಿ. ಮೂರು ವಾರದ ಮೇಲೆ ಅದರದೇ ದೊಡ್ಡ ಬೇಡಿಕೆ ಬಂತು. ನೂಲು ಬಣ್ಣವಾಗಿ, ಭಾವನ ಸಹಿಯಾಗಿ ಹೋಯಿತು. ಹತ್ತು ದಿನಕ್ಕೆ ಲಾರಿ ತುಂಬಿಕೊಂಡು ವಾಪಸ್ ಬಂತು. ಹಗಲು ಬೆಳಕಿನಲ್ಲಿ ಹಳೆಯ ಬಟ್ಟೆಯ ಪಕ್ಕ ಹಿಡಿದರೆ ಕೆಂಪು ಹೊಡೆಯುತ್ತದಂತೆ.

ಸೋಮವಾರ ಯಜಮಾನರ ಕೋಣೆಯಲ್ಲಿ ಎಲ್ಲರನ್ನೂ ಸೇರಿಸಿದರು. ತಕ್ಕಡಿಯಮ್ಮ ಚೀಟಿಯಲ್ಲಿ ಇದ್ದಷ್ಟೇ ತೂಗಿದ್ದೇನೆ ಎಂದಳು. ಹೆದರಿ ಹೆದರಿ, ಕಂಪ್ಯೂಟರನ್ನೂ ಒಂದು ಸಲ ನೋಡಬಾರದಾ ಎಂದೂ ಸೇರಿಸಿದಳು. ನನಗೆ ಉರಿದುಹೋಯಿತು. ಧಡಧಡನೆ ತೂಕದ ಕೋಣೆಗೆ ಹೋದೆ. ತೆರೆದೇ ಇದ್ದ ಪ್ರೋಗ್ರಾಮನ್ನು ಮುಚ್ಚಿ, ಅಭ್ಯಾಸಬಲದಿಂದ ಅದರ ಫೋಲ್ಡರಿಗೆ ಹೋಗಿ, ಅಲ್ಲಿಂದ ತೆರೆದು, ಕಡುನೀಲಿಯ ಚೀಟಿ ತೆಗೆದೆ. ನೂರು ಕೆ.ಜಿ.ಗೆ ಕೆಂಪು ಆರುನೂರು ಗ್ರಾಂ. ಭಾವ ಹೇಳಿ ಬರೆಸಿದ್ದಷ್ಟೇ. ಚೀಟಿಯನ್ನು ತಂದು ಯಜಮಾನರ ಮೇಜಿನ ಮೇಲೆ ಇಟ್ಟೆ.

"ಪ್ರೋಗ್ರಾಂ ಸರಿಯಾಗೇ ಇದೆ. ಕುಣಿಯಕ್ಕೆ ಬಾರದವರು ನೆಲ ಡೊಂಕು ಅಂದ್ರಂತೆ."

ತಕ್ಕಡಿಯಮ್ಮನಿಗೆ ಎಂದು ಆಡಿದ ಮಾತು ಅದು. ಆದರೆ ಕೋಣೆಯಲ್ಲಿ ಎಲ್ಲರೂ ತಿರುಗಿ ನೋಡಿದ್ದು ಭಾವನನ್ನು. ಅಳತೆ ಸರಿ, ತೂಕ ಸರಿ ಎಂದಾದರೆ ಉಳಿದದ್ದು ಕಣ್ಣು ಒಂದೇ. ಭಾವ ನನ್ನ ಮುಖ ನೋಡಿದರು, ಚೀಟಿ ನೋಡಿದರು, ತಲೆ ತಗ್ಗಿಸಿದರು. ಯಜಮಾನರು ಕೆಟ್ಟವರಲ್ಲ, ವಯಸ್ಸಾಯಿತಲ್ಲ ಮೇಷ್ಟ್ರೇ, ಕಣ್ಣು ಯಾರಪ್ಪನ ಆಸ್ತಿಯೂ ಅಲ್ಲ ಎಂದು ಮೆತ್ತಗೇ ಹೇಳಿದರು. ಅವತ್ತಿನಿಂದ ಭಾವನಿಗೆ ನೂಲಿನ ಗೋದಾಮಿನಲ್ಲಿ ಮೂಟೆ ಎಣಿಸುವ ಕೆಲಸ. ಲೈಟ್ ಬಾಕ್ಸಿಗೆ ಬೇರೆ ಕಾರ್ಖಾನೆಯಿಂದ ಒಬ್ಬ ಹೊಸಬ ಬಂದ. ತಿಂಗಳು ಮುಗಿದ ಮೇಲೆ ಮೇಷ್ಟ್ರನ್ನು ಮನೆಗೇ ಕಳಿಸುತ್ತಾರೆ ಎಂದು ಸುದ್ದಿ ಹಬ್ಬಿತು.

ಗುರುವಾರ ಚೀಟಿಯ ಅಕ್ಷರ ದೊಡ್ಡದು ಮಾಡಿಕೊಡಲು ಹೋಗಿದ್ದೆ. ಪ್ರೋಗ್ರಾಂ ಬೆಳಿಗ್ಗೆಯೇ ತಾನಾಗಿ ತೆರೆದುಕೊಂಡಿತ್ತು. ಅಕ್ಷರ ಹೇಗಿದೆ ನೋಡೋಣ ಎಂದು, ನೆನಪಿಗೆ ಬಂದ ನಂಬರು ಅದೇ ಆದ್ದರಿಂದ, ಕಡುನೀಲಿಯದೇ ಒಂದು ಚೀಟಿ ತೆಗೆದೆ. ಕೆಂಪು ಎಂಟುನೂರ ಐವತ್ತು ಗ್ರಾಂ. ಇನ್ನೊಂದು ಚೀಟಿ ತೆಗೆದೆ. ಎಂಟುನೂರ ಐವತ್ತು. ಮುಚ್ಚಿ, ಫೋಲ್ಡರಿಗೆ ಹೋಗಿ ತೆರೆದೆ. ಆರುನೂರು. ಆಗ ತಿಳಿಯಿತು. ಹುಡುಕಿದರೆ ಆ ಹಳೆಯ 'ಅಳತೆ' ಸಿಕ್ಕಿತು, ನಾನು ಇಟ್ಟ ತಾರೀಖಿನ ಸಮೇತ. ಬೇರೆ ಯಾರ ತಲೆಗೂ ಕಟ್ಟುವ ಹಾಗಿರಲಿಲ್ಲ.

ಎದ್ದು ನೇರವಾಗಿ ಯಜಮಾನರ ಕೋಣೆಗೆ ಹೋಗಬೇಕಿತ್ತು. ಇಪ್ಪತ್ತು ಹೆಜ್ಜೆ. ನಾನು ಏನು ಮಾಡಿದೆ ಗೊತ್ತೇ? ಬಾಗಿಲ ಕಡೆ ಒಮ್ಮೆ ನೋಡಿದೆ. ತಕ್ಕಡಿಯಮ್ಮ ಆಚೆ ಕೈ ತೊಳೆಯುತ್ತಿದ್ದಳು. ಹಳೆಯ ಫೋಲ್ಡರನ್ನು ಅಳಿಸಿದೆ, ಕಸದ ಬುಟ್ಟಿಯಿಂದಲೂ ಅಳಿಸಿದೆ. ಆ ಸಾಲನ್ನು ತಿದ್ದಿದೆ: ಎಲ್ಲಿಂದ ಶುರುವಾದರೂ ಮೊದಲು ತನ್ನ ಸ್ವಂತ ಜಾಗ ಹುಡುಕಿಕೊಂಡು, ಅಲ್ಲಿಂದ ಲೆಕ್ಕ ಹಿಡಿದು ಫೈಲು ತೆರೆಯಬೇಕು. ಹತ್ತು ನಿಮಿಷದ ಕೆಲಸ. ಎಂಟುನೂರ ಐವತ್ತರದೊಂದು, ಆರುನೂರರದೊಂದು, ಎರಡು ಚೀಟಿಗಳನ್ನು ಮಡಿಸಿ ಪರ್ಸಿನಲ್ಲಿ ತುರುಕಿಕೊಂಡೆ. ಅವನ್ನು ಮಾತ್ರ ಹರಿಯಲಿಲ್ಲ. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿಯಿತಂತೆ. ನಾನು ಕಣ್ಣು ಬಿಟ್ಟುಕೊಂಡೇ ಕುಡಿದೆ.

ನಾಳೆ ಹೇಳಿದರಾಯಿತು ಎಂದುಕೊಂಡೆ. ಎಲ್ಲರ ಎದುರಿಗೆ ಅಷ್ಟು ಜಂಬದಿಂದ ಆಡಿದ ಮಾತನ್ನು ಅದೇ ಬಾಯಿಂದ ಹೇಗೆ ನುಂಗಲಿ? ಆ ತಕ್ಕಡಿಯಮ್ಮನ ಮುಖ ಹೇಗೆ ನೋಡಲಿ? ಯಜಮಾನರು ತಮ್ಮ ಸ್ನೇಹಿತರ ಇನ್ನೆರಡು ಕಾರ್ಖಾನೆಗೂ ನನ್ನ ಹೆಸರು ಹೇಳಿದ್ದರು, ಅದೂ ತಲೆಯಲ್ಲಿ ಇತ್ತು. ನಾಳೆ ಎಂಬುದು ನಾಡಿದ್ದಾಯಿತು.

ಭಾನುವಾರ ಅಕ್ಕ ಊಟಕ್ಕೆ ಕರೆದಳು. ಹೋಗದಿದ್ದರೆ ಅನುಮಾನ ಬರುತ್ತದೆ ಎಂದು ಹೋದೆ. ಕಳ್ಳನ ಮನಸ್ಸು ಹುಳ್ಳುಳ್ಳಗೆ ಎನ್ನುವುದು ಸುಳ್ಳಲ್ಲ. ಭಾವ ಕಿಟಕಿಯ ಹತ್ತಿರ ಕೂತು ಅಂಗಿಯ ಗುಂಡಿ ಹೊಲಿಯುತ್ತಿದ್ದರು. ಆ ಕೆಲಸ ಯಾವಾಗಲೂ ಅವರದೇ. ಅಕ್ಕ ತರುವ ದಾರ ಅಂಗಿಗೆ ಹೊಂದುವುದಿಲ್ಲ ಎಂದು ರೇಗಿಸುತ್ತಿದ್ದರು. ಅವತ್ತು ನನ್ನನ್ನು ಹತ್ತಿರ ಕರೆದರು. ಒಂದು ಕೈಯಲ್ಲಿ ಅಂಗಿ, ಇನ್ನೊಂದರಲ್ಲಿ ದಾರದ ಉಂಡೆ.

"ನೋಡಮ್ಮ, ಇವೆರಡೂ ಒಂದೇ ಬಣ್ಣ ತಾನೇ?"

ತಮಾಷೆ ಮಾಡುತ್ತಿದ್ದಾರೆ ಎಂದು ಮುಖ ನೋಡಿದೆ. ತಮಾಷೆಯಲ್ಲ. ನಿಜವಾಗಿ ಕೇಳುತ್ತಿದ್ದರು, ನನ್ನನ್ನು. ಒಂದೇ ಭಾವ ಎಂದೆ. ಅವರು ಸಮಾಧಾನದಿಂದ ತಲೆಯಾಡಿಸಿ ಸೂಜಿಗೆ ದಾರ ಪೋಣಿಸಿಕೊಂಡರು. ಅಡುಗೆಮನೆಯಲ್ಲಿ ಅಕ್ಕ ಪಿಸುಮಾತಿನಲ್ಲಿ ಹೇಳಿದಳು: ಕಣ್ಣಿನ ಡಾಕ್ಟರ ಹತ್ತಿರ ಹೋಗೋಣ ಎಂದರೆ ಒಲ್ಲೆ ಎನ್ನುತ್ತಾರೆ, ಗೊತ್ತಿರುವುದನ್ನು ಡಾಕ್ಟರ ಬಾಯಿಂದ ಬೇರೆ ಕೇಳಬೇಕಾ ಎನ್ನುತ್ತಾರೆ, ರಸ್ತೆ ದಾಟುವಾಗ ನನ್ನ ಕೈ ಹಿಡಿದುಕೊಳ್ಳುತ್ತಾರೆ. ಇಷ್ಟು ಹೇಳಿ ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡು, ನೀನಾದರೂ ಒಂದು ದಾರಿಗೆ ಬಂದೆಯಲ್ಲ ಎಂದು ನನ್ನ ತಟ್ಟೆಗೆ ಇನ್ನಷ್ಟು ಬಡಿಸಿದಳು. ನಾನು ತಿಂದೆ. ಎರಡನೇ ಸಲವೂ ಹಾಕಿಸಿಕೊಂಡೆ. ನಾಚಿಕೆಗೆಟ್ಟವಳು.

ಮುಂದಿನ ವಾರ ಅದೇ ಬೇಡಿಕೆಗೆ ಹೊಸ ನೂಲನ್ನು ಮತ್ತೆ ಕಡುನೀಲಿ ಬಣ್ಣಕ್ಕೆ ಹಾಕಿದರು. ನಾನು ತಿದ್ದಿದ ಪ್ರೋಗ್ರಾಂ ಸರಿಯಾದ ಚೀಟಿ ಕೊಟ್ಟಿತು, ಬಣ್ಣ ಸರಿಯಾಗಿ ಬಂತು, ಗಿರಾಕಿ ಒಪ್ಪಿಕೊಂಡ. ಶನಿವಾರ ಬೆಳಿಗ್ಗೆ ನಾನು ಕಾರ್ಖಾನೆಗೆ ಹೋದಾಗ ಸೂಪರ್‌ವೈಸರು ಲೈಟ್ ಬಾಕ್ಸಿನ ಮುಂದೆ ನಾಲ್ಕು ಜನರನ್ನು ಸೇರಿಸಿಕೊಂಡು ನಿಂತಿದ್ದ.

"ನೋಡ್ರಪ್ಪ, ಅದೇ ಪುಡಿ, ಅದೇ ತೊಟ್ಟಿ, ಅದೇ ಚೀಟಿ. ಮೇಷ್ಟ್ರು ಹೋದ್ರು, ಬಣ್ಣ ಸರಿಹೋಯ್ತು. ಇದಕ್ಕಿಂತ ಸಾಕ್ಷಿ ಬೇಕಾ?"

ನಾಲ್ವರೂ ತಲೆಯಾಡಿಸಿದರು. ತಕ್ಕಡಿಯಮ್ಮ ಮಾತ್ರ ನೆಲ ನೋಡುತ್ತಿದ್ದಳು. ಅಷ್ಟು ದಿನ ನಾನು ಮಾಡಿಕೊಂಡಿದ್ದ ಸಮಾಧಾನ ಒಂದೇ: ಹೇಳದಿದ್ದರೂ ಸರಿಪಡಿಸಿದ್ದೇನಲ್ಲ ಎಂದು. ನಾನು ಕದ್ದುಮುಚ್ಚಿ ಸರಿಪಡಿಸಿದ್ದೇ ಅವರ ಮೇಲಿನ ಸಾಕ್ಷಿಯಾಗಿತ್ತು. ಬಾಯಿ ಮುಚ್ಚಿಕೊಂಡಿದ್ದದ್ದು ಸಾಲದೆಂದು, ನನ್ನ ಕೈಯಾರೆ ಅವರ ಕತ್ತು ಹಿಸುಕಿದ್ದೆ.

ಅಲ್ಲಿಂದ ಯಜಮಾನರ ಕೋಣೆಗೆ ಹೇಗೆ ಹೋದೆನೋ ನೆನಪಿಲ್ಲ. ನಿಂತುಕೊಂಡೇ ಹೇಳಿದೆ. ಪ್ರೋಗ್ರಾಂ ಹಳೆಯ ಫೈಲು ಓದುತ್ತಿತ್ತು, ತಪ್ಪು ಅಳತೆ ಕೊಟ್ಟಿದೆ, ತಪ್ಪು ನಾನು ಬರೆದ ಸಾಲಿನದು, ಮೇಷ್ಟ್ರದಲ್ಲ, ತಕ್ಕಡಿಯಮ್ಮನದೂ ಅಲ್ಲ. ಯಜಮಾನರು ಪೆನ್ನಿನ ಮುಚ್ಚಳ ಹಾಕಿ, ತೆಗೆದು, ಮತ್ತೆ ಹಾಕಿದರು. ಹಿಂದೆಯೇ ಬಂದಿದ್ದ ಸೂಪರ್‌ವೈಸರು ಸೋಲುವವನಲ್ಲ. ಅಳತೆ ತಪ್ಪಿದ್ದರೆ ತಪ್ಪಿರಲಿ, ತಪ್ಪಿದ್ದನ್ನು ಹಿಡಿಯುವುದಕ್ಕೇ ಅಲ್ಲವೇ ಮೇಷ್ಟ್ರು ಇರುವುದು, ಕೆಂಪು ಹೊಡೆಯುವ ನೂಲಿಗೆ ಸಹಿ ಹಾಕಿದ ಕಣ್ಣೂ ಒಂದು ಕಣ್ಣೇ ಎಂದು ಕೇಳಿದ.

ಗೋದಾಮಿನಿಂದ ಭಾವನನ್ನು ಕರೆಸಿದರು. ಮೈಮೇಲೆಲ್ಲ ಹತ್ತಿಯ ಧೂಳು. ಯಜಮಾನರು ವಿಷಯ ಹೇಳಿ, ಅವತ್ತು ನಿಮಗೆ ಏನೂ ಕಾಣಲಿಲ್ಲವೇ ಎಂದು ಕೇಳಿದರು. ಪ್ರೋಗ್ರಾಂ ಕೊಟ್ಟ ತಪ್ಪು ಅಳತೆ ಎಷ್ಟು ಎಂದು ನಾನು ಇನ್ನೂ ಯಾರಿಗೂ ಹೇಳಿರಲಿಲ್ಲ. ಪರ್ಸಿನಿಂದ ತೆಗೆದ ಎರಡು ಚೀಟಿ ಮಡಿಸಿದ ಹಾಗೇ ಕೈಯಲ್ಲಿದ್ದವು.

"ಕಂಡಿತ್ತು ಯಜಮಾನ್ರೇ. ನೂರು ಕೇಜಿಗೆ ಕೆಂಪು ಕಾಲು ಕೇಜಿ ಜಾಸ್ತಿ ಬಿದ್ದಿದೆ ಅಂತ ಕಂಡಿತ್ತು. ಮೂರು ಸಲ ಕಿಟಕಿ ಹತ್ರ ತಗೊಂಡು ಹೋಗಿ ನೋಡ್ದೆ."

"ಮತ್ತೆ ಸಹಿ ಯಾಕೆ ಹಾಕಿದ್ರಿ?"

"ಇವಳು ಬರೆದದ್ದಲ್ವಾ, ತಪ್ಪಿರಲ್ಲ ಅಂದ್ಕೊಂಡೆ. ನನ್ನ ಕಣ್ಣೇ ಸೋತಿದೆ ಅಂತ ಹಾಕ್ದೆ. ಆಮೇಲೆ ಎಲ್ಲರ ಮುಂದೆ ಸರಿಯಾಗಿದೆ ಅಂತ ಚೀಟಿ ತಂದಿಟ್ಟಳಲ್ಲ, ಆಗ ಗಟ್ಟಿಯಾಯ್ತು."

ನಾನು ಚೀಟಿ ಬಿಚ್ಚಿ ಮೇಜಿನ ಮೇಲಿಟ್ಟೆ. ಆರುನೂರು, ಎಂಟುನೂರ ಐವತ್ತು. ಯಜಮಾನರು ಎರಡನ್ನೂ ಪಕ್ಕ ಪಕ್ಕ ಇಟ್ಟು ಓದಿದರು. ಸೂಪರ್‌ವೈಸರು ಗಡಿಯಾರ ನೋಡಿಕೊಂಡು ಏನೋ ಕೆಲಸವಿದೆ ಎಂದು ಹೊರಟುಹೋದ. ಸೋಮವಾರದಿಂದ ನಿಮ್ಮ ಜಾಗಕ್ಕೆ ಬನ್ನಿ ಮೇಷ್ಟ್ರೇ, ಇನ್ನು ಮೇಲೆ ನಿಮ್ಮ ಕಣ್ಣು ಬೇಡ ಅಂದರೆ ಆ ನೂಲು ಬೇಡವೇ, ಕಂಪ್ಯೂಟರ್ ಏನಾದರೂ ಹೇಳಿಕೊಳ್ಳಲಿ ಎಂದರು ಯಜಮಾನರು. ನನಗೆ ಹೆಚ್ಚೇನೂ ಅನ್ನಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು.

ಹೊರಗೆ ಬಂದು ತಕ್ಕಡಿಯಮ್ಮನ ಹತ್ತಿರ ತಪ್ಪಾಯಿತು ಎಂದೆ. ಅವಳು ಆಗಲಿ ಎಂದಳು ಅಷ್ಟೇ, ಪುಡಿ ತೂಗುವುದನ್ನು ನಿಲ್ಲಿಸಲಿಲ್ಲ. ಭಾವ ಮೆಟ್ಟಿಲ ಮೇಲೆ ನನಗಾಗಿ ಕಾಯುತ್ತಿದ್ದರು. ಮುಖದಲ್ಲಿ ಎಷ್ಟೋ ದಿನದ ಮೇಲೆ ಗೆಲುವು ಇತ್ತು. ಆಚೆ ಗೋಡೆಯ ಮೇಲೆ ಒಣಹಾಕಿದ್ದ ಲಡಿಗಳನ್ನು ಒಂದೊಂದಾಗಿ ನೋಡುತ್ತಿದ್ದರು. ನೋಡುತ್ತಲೇ ಕೇಳಿದರು.

"ನಿನಗೆ ಯಾವಾಗ ಗೊತ್ತಾಯ್ತು?"

ಇವತ್ತೇ ಎಂದು ಹೇಳಬಹುದಿತ್ತು. ನಾಲಿಗೆಯ ತುದಿಗೆ ಬಂದಿತ್ತು.

"ಒಂಬತ್ತು ದಿನ ಆಯ್ತು ಭಾವ."

ಅವರು ಮನಸ್ಸಿನಲ್ಲೇ ಲೆಕ್ಕ ಹಾಕಿದರು. ಅದು ನನಗೆ ಕಂಡಿತು.

"ಭಾನುವಾರ ಮನೆಗೆ ಬಂದಾಗ ಗೊತ್ತಿತ್ತಾ?"

"ಗೊತ್ತಿತ್ತು."

ಅವರು ಬೈಯಲಿಲ್ಲ. ಆ ಗೆಲುವು ಮುಖದಿಂದ ಇಳಿದುಹೋಯಿತು, ಅಷ್ಟೇ. ಕೈಗೆ ಅಂಟಿದ ಹತ್ತಿಯನ್ನು ಒಂದೊಂದೇ ಎಳೆಯಾಗಿ ಬಿಡಿಸಿಕೊಂಡರು. ಬಡಿಯುವುದಾದರೆ ಬಡಿಯಲಿ ಎಂದು ನಾನು ನಿಂತೇ ಇದ್ದೆ.

"ಪ್ರೋಗ್ರಾಂ ತಪ್ಪಿತ್ತು ಅಂತ ನಿಮ್ಮಕ್ಕನಿಗೆ ಹೇಳು. ಮೊದ್ಲೇ ಗೊತ್ತಿತ್ತು ಅನ್ನೋದನ್ನ ಹೇಳಬೇಡ. ಅವಳು ತಡ್ಕೊಳ್ಳಲ್ಲ."

ಇಷ್ಟು ಹೇಳಿ ಮೆಟ್ಟಿಲಿಳಿದು, ಸೋಮವಾರದ ತನಕ ತಮ್ಮದಾಗಿದ್ದ ಗೋದಾಮಿನ ಕಡೆ ಹೋದರು.

ಸಂಜೆ ಅಕ್ಕನ ಮನೆಗೆ ಹೋದೆ. ಭಾವ ಹೇಳಿದ್ದಷ್ಟನ್ನೇ ಹೇಳಿದೆ. ಅಕ್ಕ ಮೊದಲು ಅತ್ತಳು, ಆಮೇಲೆ ನಕ್ಕಳು, ಕಣ್ಣು ಸರಿಯಾಗಿದೆಯಂತೆ ಕಣ್ಣು ಸರಿಯಾಗಿದೆಯಂತೆ ಎಂದು ಗಂಡನ ಭುಜ ಹಿಡಿದು ಅಲ್ಲಾಡಿಸಿದಳು. ಮೂವರೂ ಊಟಕ್ಕೆ ಕೂತೆವು. ಅಕ್ಕನ ಮಾತು ನಿಲ್ಲಲೇ ಇಲ್ಲ. ಬೇರೆ ಯಾರಾದರೂ ಆಗಿದ್ದರೆ ತಮ್ಮ ತಪ್ಪನ್ನು ಮುಚ್ಚಿಹಾಕಿ ಸುಮ್ಮನಿದ್ದುಬಿಡುತ್ತಿದ್ದರು ಎಂದಳು. ಒಂಬತ್ತು ವರ್ಷದ ಕೂಸನ್ನು ಮಡಿಲಿಗೆ ಹಾಕಿಕೊಂಡದ್ದು ಸಾರ್ಥಕ ಎಂದಳು.

"ಗೊತ್ತಾದ ತಕ್ಷಣ ಓಡಿ ಹೋಗಿ ಹೇಳಿದಳಲ್ರೀ. ಕೋಪ ಜಾಸ್ತಿ, ಆದ್ರೆ ನನ್ನ ತಂಗಿ ಮನಸ್ಸು ಹಾಲಿನಂಥದ್ದು. ಅಲ್ವೇನ್ರೀ?"

ಭಾವ ತಟ್ಟೆಯಿಂದ ತಲೆ ಎತ್ತದೆ ಹೌದು ಎಂದರು. ಅಕ್ಕ ನನಗೆ ಇನ್ನೊಂದು ಸೌಟು ಬಡಿಸಿದಳು. ಬೇಡ ಎನ್ನಲಾಗದೆ ತಿಂದೆ.